ಅರ್ಹರ ಪಟ್ಟಿ

ಸುಂಟಿಕೊಪ್ಪದ ಹಾರ್ಡ್‌ವೇರ್ ಅಂಗಡಿಯ ಮೇಲೆ
ಟ್ರಸ್ಟಿನ ಆಫೀಸು. ಹದಿನಾರು ಮೆಟ್ಟಿಲು.
ಮೊದಲ ದಿನ ಚಪ್ಪಲಿ ಕೆಳಗೇ ಬಿಟ್ಟು ಹತ್ತಿದ್ದೆ.
‘ಹಾಕ್ಕೊಂಡೇ ಬನ್ನಿ ಗುಲಾಬಿ ಅಕ್ಕ’ ಅಂದರು ನಫೀಸಾ.
ಆಮೇಲೆ ಏಳು ಸಲ ಹತ್ತಿದೆ,
ಏಳು ಸಲವೂ ಒಂದು ಕಾಗದ ಕಡಿಮೆ.

ಫಾರಂ ಆರು ಪುಟ.
ಈಗಿನ ವಿಳಾಸ? ಎಸ್ಟೇಟಿನ ಲೈನು, ಏಳನೇ ನಂಬರು.
ಎಷ್ಟು ವರ್ಷದಿಂದ? ನನ್ನ ಹೊಕ್ಕುಳಬಳ್ಳಿ
ಬಿದ್ದದ್ದೇ ಅಲ್ಲಿ.
ಸ್ವಂತವೋ, ಬಾಡಿಗೆಯೋ?
ಎರಡೂ ಅಲ್ಲ, ಕೆಲಸ ಇರುವ ತನಕದ್ದು.
ಅದಕ್ಕೆ ಚೌಕ ಇರಲಿಲ್ಲ. ನಫೀಸಾ
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು.

ಬಡತನಕ್ಕೂ ಒಂದು ಅಳತೆಗೋಲು:
ತೀರ ಕೆಳಗಿದ್ದರೆ ಬಡ್ಡಿಯಿಲ್ಲದ ಕಂತನ್ನೂ ಕಟ್ಟಲಾರೆವಂತೆ,
ಗೆರೆ ದಾಟಿದರೆ ಬ್ಯಾಂಕು ನಮ್ಮನ್ನು ಕೂರಿಸಿ ಮಾತಾಡಿಸುತ್ತದಂತೆ.
ಹಾಗೆ ಓದುವಾಗ ಅವರಿಗೇ ನಗು.
ಮಾರ್ಚಿನಲ್ಲಿ ನಾನೂ ಬಾಬುವೂ
ಕಿಲೋ ಲೆಕ್ಕದಲ್ಲಿ ಕಾಫಿ ಕುಯ್ದಿದ್ದೆವು,
ಸೊಂಟ ಎರಡಾಗುವ ಹಾಗೆ.
ಆ ಒಂದು ಚೀಟಿ ನಮ್ಮನ್ನು ಗೆರೆಯಿಂದ
ಆರುನೂರ ನಲವತ್ತು ರೂಪಾಯಿ ಆಚೆ ತಳ್ಳಿತು.
ರಾತ್ರಿಯಿಡೀ ಬಾಬು ‘ಸಾಹುಕಾರ್ತಿ’ ಅಂತ ರೇಗಿಸಿದ.
ಬೆಳಗ್ಗೆ ಮಾತಾಡಲಿಲ್ಲ.

ಎಂಟನೇ ಸಲ ನಫೀಸಾ ಹನ್ನೆರಡೂ ತಿಂಗಳನ್ನು ಕೂಡಿ
ಹನ್ನೆರಡರಿಂದ ಭಾಗಿಸಿದರು.
ಜಡಿಮಳೆಯ ಜುಲೈ, ಖಾಲಿ ಆಗಸ್ಟು
ನಮ್ಮನ್ನು ಮೆಲ್ಲಗೆ ಗೆರೆಯೊಳಗೆ ಎಳೆದುಕೊಂಡವು.
ಕೂಲಿಯಿಲ್ಲದ ದಿನಗಳಿಂದ
ಒಂದು ಉಪಕಾರ ಆದದ್ದು ಅದೇ ಮೊದಲು.

ಮುಂಗಡದ ಬಾಕಿ ಇಲ್ಲವೆಂದು
ರೈಟರ್ ಉತ್ತಯ್ಯನವರ ಸಹಿ ಬೇಕಿತ್ತು.
ಹಳೇ ಪುಸ್ತಕ ತೆಗೆದರು, ಬೆರಳು ನೆಕ್ಕಿ ಪುಟ ತಿರುವಿದರು.
ನನ್ನದಲ್ಲ, ಅಪ್ಪನದಿತ್ತು: ಸಾವಿರದ ನೂರು.
ಕಂಬಳಿಗೋ, ಅಮ್ಮನ ಔಷಧಿಗೋ, ಯಾರಿಗೆ ಗೊತ್ತು.
‘ಬಿಡು’ ಅನ್ನಬಹುದಿತ್ತು. ಅನ್ನಲಿಲ್ಲ.
ಕಟ್ಟಿದೆ. ರಸೀದಿ ಕೇಳಿ ತಗೊಂಡೆ.
ಸತ್ತು ಹತ್ತೊಂಬತ್ತು ವರ್ಷಕ್ಕೆ
ಅಪ್ಪ ಆ ಮಂಗಳವಾರ ಎಸ್ಟೇಟಿನಿಂದ ಬಿಡುಗಡೆಯಾದರು.

ಆಮೇಲೆ ದುಡಿಮೆಯ ಪಾಲು, ಮುನ್ನೂರು ಗಂಟೆ,
ಅದೂ ಮೊದಲು ಬೇರೆಯವರ ಮನೆಗೆ.
ಚೋಮಿಯ ಗೋಡೆಗೆ ಕಲ್ಲು ಹೊತ್ತೆ, ಎರಡು ಹೊತ್ತು ನೀರುಣಿಸಿದೆ.
ಕಾಫಿಗೆ ಕ್ಯೂರಿಂಗ್ ಇದೆಯೆಂದು ಗೊತ್ತಿತ್ತು,
ಗೋಡೆಗೂ ಇದೆಯಂತೆ.
ಒದ್ದೆ ಸಿಮೆಂಟಿನ ವಾಸನೆ ಸೀರೆಗೆ ಹತ್ತಿ
ಲೈನಿನವರೆಗೂ ಜೊತೆಗೆ ಬರುತ್ತಿತ್ತು.

ಪಟ್ಟಿ ಅಂಟಿಸಿದ ದಿನ
ನನ್ನ ಹೆಸರು ನನಗೇ ತಕ್ಷಣ ಸಿಗಲಿಲ್ಲ.
‘ಕೋಂ ಬಾಬು’ ಅಂತ ಹುಡುಕುತ್ತಿದ್ದೆ.
ಅಲ್ಲಿ ಬರೀ ಗುಲಾಬಿ. ಕೆಳಗಿನ ಸಾಲಿನಲ್ಲಿ ಬಾಬು.

ನಿನ್ನೆ ಸೈಟಿನಲ್ಲಿ ಸುಣ್ಣದ ಗೆರೆ ಎಳೆದರು.
ಇಷ್ಟೇನಾ ಅನ್ನಿಸಿತು. ಒಳಗೆ ಕಾಲಿಟ್ಟರೆ ಇಷ್ಟೊಂದಾ.
‘ಅಡುಗೆಮನೆ ಕಿಟಕಿ ಯಾವ ಕಡೆ ಬೇಕು?’ ಕೇಳಿದರು ನಫೀಸಾ.
ಆರು ಪುಟದಲ್ಲಿ ಎಲ್ಲೂ ಇಲ್ಲದ ಪ್ರಶ್ನೆ.
ಪ್ರತಿಯೊಂದಕ್ಕೂ ಜೆರಾಕ್ಸ್ ತಂದಿದ್ದವಳು
ಬಾಯಿ ಬಿಡದೆ ನಿಂತೆ.
ಲೈನಿನಲ್ಲಿ ಬಾಗಿಲೇ ಕಿಟಕಿ;
ಹೊಗೆಯೂ ನಾವೂ ಒಂದೇ ದಾರಿಯಲ್ಲಿ ಹೊರಗೆ.
‘ರಸ್ತೆ ಕಡೆ ಇಡಿ, ಬಸ್ಸು ಕಾಣುತ್ತೆ’ ಅಂದ ಬಾಬು.
‘ಹಲಸಿನ ಮರದ ಕಡೆ ಮಾತ್ರ ಬೇಡ ಮಾರಾಯ್ತಿ,
ಆನೆ ಸೊಂಡಿಲು ಹಾಕಿ ಸಾರಿನ ಪಾತ್ರೆ ಎತ್ತೀತು’ ಅಂದಳು ಚೋಮಿ.
‘ನಾಳೆ ಹೇಳಲಾ?’ ಅಂದೆ.

ಕೆಲಸ ಬಿಟ್ಟು ನೇರ ಇಲ್ಲಿಗೆ ಬಂದಿದ್ದೇನೆ,
ಒಲೆ ಬರುವ ಜಾಗದಲ್ಲಿ ನಿಂತಿದ್ದೇನೆ.
ಸಂಜೆಯ ಬೆಳಕು ಎಲ್ಲಿಂದ ಅಂತ ಗೊತ್ತಾಯಿತು.
ಬೆಳಗ್ಗೆಯದನ್ನೂ ನೋಡಬೇಕು.
ಎಂಟಕ್ಕೆ ಹಾಜರಿ. ಆರಕ್ಕೇ ಬರುತ್ತೇನೆ.