ಒಂದು ಕಡಿಮೆ

ಹನ್ನೊಂದು ವರ್ಷದಿಂದ ಈ ತೋಟಕ್ಕೆ ಜನರನ್ನು ತರುತ್ತಿದ್ದೇನೆ,
ಒಳಗೆ ಕಾಲಿಟ್ಟವನಲ್ಲ.
ಡ್ರೈವರಿಗೆ ಟಿಕೆಟ್ ಬೇಡ ಅನ್ನುತ್ತಾಳೆ ಗೇಟಿನ ಹುಡುಗಿ, ಪ್ರತಿ ಸಲ.
ಪ್ರತಿ ಸಲ ನಾನು ಟೈರು ನೋಡಬೇಕು ಅನ್ನುತ್ತೇನೆ.
ಟೈರು ಚೆನ್ನಾಗಿಯೇ ಇರುತ್ತದೆ.
ಸೀಟು ಹಿಂದಕ್ಕೆ ವಾಲಿಸಿ, ಮುಖಕ್ಕೆ ಟೋಪಿ ಮುಚ್ಚಿ
ಒಂದೂವರೆ ತಾಸು ನಿದ್ದೆ.
ಅಷ್ಟೇ ನನ್ನ ಪ್ರವಾಸ.

ಇವತ್ತು ಆಸ್ತ್ರಾವಾದ ಗಣಿ ಪಿಂಚಣಿದಾರರು.
ನಲವತ್ತನಾಲ್ಕು ತಲೆ, ಅರ್ಧಕ್ಕರ್ಧ ಕೆಮ್ಮು.
ಹೆದ್ದಾರಿ ಹತ್ತುವ ಮೊದಲೇ ಬೆಣ್ಣೆಕಾಗದ ಬಿಚ್ಚುವ ಸರಬರ,
ಕರಿದ ಮಾಂಸದ, ಉಪ್ಪಿನಲ್ಲಿಟ್ಟ ಸೌತೆಯ ಘಮ:
ಊಟ ಮುಗಿಸಿಯೇ ಊರು ನೋಡುವ ಜನ.

ಕ್ರೋಮ್ಯೆರ್ಜೀಷಿನ ಚೌಕದ ಕಲ್ಲುಹಾಸು
ಮಂಡಿಚಿಪ್ಪಿಗೆ ವೈರಿ.
ಆದರೂ ನಡೆದರು. ಕಮಾನುಗಳ ನೆರಳಲ್ಲಿ ಐಸ್‌ಕ್ರೀಮು ಕೊಂಡರು,
ಬಿಷಪ್ಪರ ಅರಮನೆಯ ಗೋಪುರಕ್ಕೆ ಕತ್ತೆತ್ತಿದರು.
"ನಮ್ಮ ನಾಲ್ಕನೇ ಬಾವಿಯ ಗೋಪುರ ಇದಕ್ಕಿಂತ ಎತ್ತರ"
ಅಂದ ಸುರಂಗದ ಮೇಸ್ತ್ರಿಯಾಗಿದ್ದ ಯರೋಮೀರ್.
ಯಾರೂ ಅಲ್ಲಗಳೆಯಲಿಲ್ಲ.
ಅದನ್ನು ಕಬ್ಬಿಣದ ತೂಕಕ್ಕೆ ಮಾರಿ ಇಪ್ಪತ್ತು ವರ್ಷ.

ಆಮೇಲೆ ಹೂದೋಟ.
ಆಮೇಲೆ ನನ್ನ ಟೋಪಿ.

ನಾಲ್ಕಕ್ಕೆ ಹೊರಡಬೇಕು. ಎಣಿಸಿದೆ: ನಲವತ್ತಮೂರು.
ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ: ನಲವತ್ತಮೂರು.
"ಒಂದು ಕಡಿಮೆ" ಎಂದೆ, ಲೋಕಾಭಿರಾಮವಾಗಿ.
ಬಸ್ಸು ತಟ್ಟನೆ ಸುಮ್ಮನಾಯಿತು.
ಯಾರೂ ಗೊಣಗಲಿಲ್ಲ, ಗಡಿಯಾರ ನೋಡಲಿಲ್ಲ,
ಸೌತೆಕಾಯಿಯ ಡಬ್ಬಿಗಳ ಮುಚ್ಚಳ ಮಾತ್ರ
ಒಂದೊಂದಾಗಿ ಮುಚ್ಚಿಕೊಂಡವು.
"ವ್ಲಾಸ್ತಾ" ಎಂದಿತು ಹಿಂದಿನ ಸೀಟು,
"ದೀಪದ ಕೋಣೆಯ ವ್ಲಾಸ್ತಾ."

ಹಾಗೆ ಹೋದೆ ಒಳಗೆ.
ಟಿಕೆಟ್ ಬೇಡ ಅಂದಳು ಹುಡುಗಿ. ಗೊತ್ತು ಅಂದೆ.

ಉದ್ದಾನುದ್ದ ಕಂಬಸಾಲು. ಗೋಡೆಯ ಗೂಡುಗಳಲ್ಲಿ
ಕಲ್ಲಿನ ದೇವರುಗಳು, ಕಲ್ಲಿನ ರಾಣಿಯರು.
ಎಣಿಸುವ ಚಟ ನೋಡಿ: ನಲವತ್ತನಾಲ್ಕು.
ಇವರಲ್ಲಿ ಯಾರೂ ತಪ್ಪಿಸಿಕೊಂಡಿಲ್ಲ.
ಆಚೆಗೆ ದಾರಕಟ್ಟಿ ಕತ್ತರಿಸಿದ ಹಸಿರು ಗೋಡೆಗಳು,
ಟ್ಯುಲಿಪ್ ಮುಗಿದಿತ್ತು, ಆ ಜಾಗದಲ್ಲಿ ಏನೋ ನೇರಳೆ,
ಹೆಸರು ಕೇಳಲು ಹತ್ತಿರ ಯಾರೂ ಇರಲಿಲ್ಲ.
ಬೇಲಿಯಾಚೆ ನನ್ನ ಗೊರಕೆ ಕೇಳುತ್ತಲೇ
ಇದೆಲ್ಲ ಹನ್ನೊಂದು ಸಲ ಅರಳಿ ಉದುರಿತೇ?
ಅವಸರದಲ್ಲಿದ್ದೆ. ಆದರೂ ಒಂದನ್ನು ಬಗ್ಗಿ ಮೂಸಿದೆ.
ವಾಸನೆ ಇರಲಿಲ್ಲ.

ನಟ್ಟನಡುವೆ ಗುಮ್ಮಟದ ಮಂಟಪ.
ಎತ್ತರದಿಂದ ಇಳಿಬಿಟ್ಟ ತಂತಿ, ತುದಿಗೊಂದು ಭಾರದ ಗುಂಡು,
ಅದು ಅತ್ತ ಹೋಗಿ, ಯೋಚಿಸಿ, ಇತ್ತ ಬರುತ್ತಿತ್ತು.
ಪಕ್ಕದ ಬೆಂಚಿನಲ್ಲಿ ವ್ಲಾಸ್ತಾ,
ಬೂಟು ಕಳಚಿ, ತಣ್ಣನೆ ನೆಲಕ್ಕೆ ಪಾದ ಊರಿ.

"ಎಂಥ ತಂತಿ ನೋಡು," ಅಂದಳು ತಿರುಗದೆ,
"ಯಾರನ್ನೂ ಕೆಳಗಿಳಿಸುವುದಿಲ್ಲ."

ಅವಳೇ ಹೇಳಿದಳು, ನಾನು ಕೇಳಿರಲಿಲ್ಲ:
"ಮೂವತ್ತೊಂದು ವರ್ಷ ದೀಪ ಕೊಟ್ಟೆ, ದೀಪ ಎಣಿಸಿ ಇಟ್ಟುಕೊಂಡೆ.
ಒಂದು ಕೊಕ್ಕೆ ಖಾಲಿ ಇದ್ದರೂ ಮನೆಗೆ ಹೋಗುವಂತಿಲ್ಲ.
ನೂರಹದಿನೇಳನೇ ನಂಬರಿಗೆ ಇಪ್ಪತ್ತಾರು ತಾಸು ಕೂತಿದ್ದೆ."
"ಬಂದನೇ?"
"ದೀಪ ಬಂತು."

ಗುಂಡು ಅತ್ತ ಹೋಯಿತು.
"ಇವತ್ತೊಂದು ದಿನ ನಾನೇ ಕಡಿಮೆ ಬೀಳೋಣ ಅನ್ನಿಸಿತು.
ಹುಡುಕಿಕೊಂಡು ಬರುತ್ತಾರೋ ಹೇಗೆ ಅಂತ.
ಎಷ್ಟು ಹೊತ್ತಾಯಿತು?"
"ಇಪ್ಪತ್ತು ನಿಮಿಷ."
"ಪರವಾಗಿಲ್ಲವೇ," ಅಂದಳು. "ಇನ್ನೈದು."

ಬೆಂಚಿನಲ್ಲಿ ಜಾಗ ಇತ್ತು. ಕೂತೆ.
ಒಂದು ಬೂಟು ಬಿಚ್ಚಿದೆ, ಇನ್ನೊಂದರ ದಾರ ಗಂಟು ಬಿದ್ದಿತ್ತು.
ದೂರದಲ್ಲಿ ಯಾರೋ, ಯರೋಮೀರನೇ ಇರಬೇಕು,
ನನ್ನ ಹಾರನ್ ಒತ್ತುತ್ತಿದ್ದ.
ಅಲ್ಲೀಗ ಇಬ್ಬರು ಕಡಿಮೆ.