ಎರಡು ನಿಮಿಷದ ಓಲೆ

ಮೂವತ್ತೊಂದು ವರ್ಷ ಸೇತುವೆ ಎತ್ತಿದವನು, ಇಳಿಸಿದವನು ನಾನು,
ಓಲ್ಬೋರ್ಗಿನಲ್ಲಿ, ಲಿಮ್‌ಫ್ಯೋರ್ಡ್ ನೀರಿನ ಮೇಲೆ.
ಹಾಗಾಗಿ ನರ್ಸ್ ಸಿಗ್ನೆ
"ಹೊಟ್ಟೆಯೊಳಗೂ ಮುಂಗಡ ಸುದ್ದಿ ಹೋಗುತ್ತೆ" ಅಂದಾಗ
ನಾನು ನಗಲಿಲ್ಲ.

ಮೊದಲ ಮಂಗಳವಾರ.
ರಾತ್ರಿ ಹತ್ತರಿಂದ ಬರೀ ನೀರು.
ಎಡಗೈ ಬಿಸಿ ಪೆಟ್ಟಿಗೆಯೊಳಗೆ
ಕಾವಿಗೆ ಕೂತ ಕೋಳಿ;
ಬೆಚ್ಚಗಿದ್ದರೆ ನೆತ್ತರು ನಿಜ ಹೇಳುತ್ತದಂತೆ.
ಬಲಗೈಗೆ ಲೋಟ:
ಎಪ್ಪತ್ತೈದು ಗ್ರಾಂ ಗ್ಲೂಕೋಸು, ಐದು ನಿಮಿಷದಲ್ಲಿ ಮುಗಿಸಬೇಕು.
ಪಕ್ಕದ ಮಂಚದಲ್ಲಿ ನನ್ನಕ್ಕ ಥೂರಾ,
ನಲವತ್ತು ವರ್ಷ ಬೇಕರಿಯಲ್ಲಿ ಹಿಟ್ಟು ನಾದಿದವಳು,
ಹನ್ನೊಂದು ವರ್ಷದ ಸಕ್ಕರೆ ಕಾಯಿಲೆಯವಳು,
ಒಂದು ಗುಟುಕಿಗೇ ತೀರ್ಪು ಕೊಟ್ಟಳು:
"ಏಲಕ್ಕಿ ಹಾಕಿಲ್ಲ."

ಮುಂದಿನ ಮಂಗಳವಾರ ಲೋಟವಿಲ್ಲ.
ಅದೇ ಗ್ಲೂಕೋಸು ತೋಳಿನ ನಾಳದಿಂದ, ತೊಟ್ಟು ತೊಟ್ಟು.
ಸಿಗ್ನೆ ಅಳೆಯುತ್ತಾಳೆ, ತಿರುಪು ಬಿಗಿಯುತ್ತಾಳೆ, ಸಡಿಲಿಸುತ್ತಾಳೆ,
ಹೋದ ವಾರ ನೆತ್ತರಲ್ಲಿ ಸಕ್ಕರೆ ಹೇಗೆ ಏರಿ ಇಳಿದಿತ್ತೋ
ಈ ವಾರವೂ ಹಾಗೇ, ಹೆಜ್ಜೆಗೆ ಹೆಜ್ಜೆ.
ನಾಲಿಗೆಗೆ ಗೊತ್ತೇ ಆಗಲಿಲ್ಲ.
ಕರುಳಿಗೂ.

ತಿಂಗಳಾದ ಮೇಲೆ ಹಾಳೆ ಹರಡಿದಳು.
ನನ್ನದರಲ್ಲಿ ಇನ್ಸುಲಿನ್ನಿನ ಎರಡು ಗೆರೆ:
ಕುಡಿದ ದಿನದ್ದು ಗುಡ್ಡ,
ನಾಳದ ದಿನದ್ದು ಬರೀ ದಿಬ್ಬ.
ಸಕ್ಕರೆ ಒಂದೇ. ಬಂದ ಬಾಗಿಲು ಬೇರೆ.

ಇದು ನನಗೆ ಗೊತ್ತಿದ್ದದ್ದೇ.
ಹಡಗು ತಿರುವಿನಾಚೆ ಇರುವಾಗಲೇ
ನನ್ನ ಕೋಣೆಯ ರೇಡಿಯೋ ಗೊರಗುಟ್ಟುತ್ತಿತ್ತು,
ಗಂಟೆ ಬಾರಿಸಿ, ಕಾರು ನಿಲ್ಲಿಸಿ, ಸೈಕಲ್ಲಿನ ಹುಡುಗರನ್ನು ಗದರಿ
ಸೇತುವೆ ಎತ್ತಿ ಕಾಯುತ್ತಿದ್ದೆ.
ಹೇಳದೆ ಕೇಳದೆ ಮಂಜಿನಿಂದ ಮೂತಿ ಚಾಚಿದ ಹಡಗಿಗೂ
ತೆರೆಯುತ್ತಿದ್ದೆ, ಇಲ್ಲವೆನ್ನಲಾರೆ,
ತಡವಾಗಿ, ಬೈದುಕೊಂಡು.

ಕರುಳ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ ಕೂತಿದೆಯಂತೆ,
ತುತ್ತು ತಾಕಿದ್ದೇ ನೆತ್ತರಿಗೆ ಓಲೆ ಬಿಡುತ್ತದಂತೆ:
ಬರ್ತಾ ಇದೆ, ಸಿದ್ಧವಾಗು.
ಮೇಲ್ಗರುಳಿನ ಓಲೆ ಒಂದು, ಕೆಳಗರುಳಿನದು ಇನ್ನೊಂದು.
ಕೆಳಗಿನದಕ್ಕೆ ಆಯುಸ್ಸು ಎಷ್ಟು?
ಎರಡು ನಿಮಿಷಕ್ಕೆ ಅರ್ಧ ಹರಿದುಹೋಗಿರುತ್ತದೆ.
ಅಷ್ಟರಲ್ಲೇ ಮೇದೋಜೀರಕದ ಕದ ತಟ್ಟಬೇಕು.
ಮತ್ತೆ, ಸಕ್ಕರೆಯೇ ಏರದಾಗ ಎಷ್ಟು ತಟ್ಟಿದರೂ
ಅದು ಅಲುಗುವುದಿಲ್ಲವಂತೆ.
ಸರಿ ತಾನೇ,
ಹಡಗೇ ಇಲ್ಲದೆ ಸೇತುವೆ ಎತ್ತಲು ಯಾರಿಗೆ ಹುಚ್ಚು.

ಥೂರಾಳ ಹಾಳೆಯಲ್ಲಿ ಎರಡು ಗೆರೆ
ಒಂದಕ್ಕೊಂದು ಅಂಟಿಕೊಂಡೇ ನಡೆದಿದ್ದವು.
ಬೆರಳಿಟ್ಟು ಸವರಿ ಕೇಳಿದಳು:
"ಹಾಗಾದರೆ ನನ್ನ ಕರುಳು ಕೂಗೋದೇ ಇಲ್ಲವಾ?"
ನನ್ನ ಕರುಳು ಚುರ್ ಎಂದಿತು. ಅದು ಯಾವ ಹಾರ್ಮೋನೋ,
ಸಿಗ್ನೆಯನ್ನು ಕೇಳಲಿಲ್ಲ.
"ಕೂಗುತ್ತೆ," ಅಂದಳು ಸಿಗ್ನೆ, "ಕೇಳುವ ಕಿವಿ ಮಂದ."
"ಓ, ನಮ್ಮಪ್ಪ!" ಥೂರಾ ಜೋರಾಗಿ ನಕ್ಕಳು.

ಹಡಗುಕಟ್ಟೆಯಲ್ಲಿ ಉಕ್ಕು ಬಡಿದು ಬಡಿದು ಕಿವುಡಾದವನು ಅಪ್ಪ.
ಊಟಕ್ಕೆ ಅಮ್ಮ ಅಡುಗೆಮನೆಯಿಂದ ಕೂಗುತ್ತಿರಲಿಲ್ಲ.
ಬಂದು ಹೆಗಲ ಮೇಲೆ ಕೈಯಿಡುತ್ತಿದ್ದಳು,
ಅವನು ತಿರುಗುವ ತನಕ ತೆಗೆಯುತ್ತಿರಲಿಲ್ಲ.

ಈಗ ಭಾನುವಾರಕ್ಕೊಂದು ಸೂಜಿ, ಥೂರಾಳ ಹೊಟ್ಟೆಗೆ:
ಕೆಳಗರುಳಿನ ಓಲೆಯ ನಕಲು, ವಾರವಿಡೀ ಹರಿಯದ ಹಾಳೆಯ ಮೇಲೆ.
ಮೊದಲ ತಿಂಗಳು ವಾಕರಿಕೆ, ಸಿಡಿಮಿಡಿ,
ನನ್ನ ಕಾಫಿಯ ವಾಸನೆಗೂ ಜಗಳ.
ಆಮೇಲೆ ನೆತ್ತರ ಲೆಕ್ಕ ಇಳಿಯಿತು.

ನಿನ್ನೆ ಅವಳ ಮನೆಯಲ್ಲಿ ಏಲಕ್ಕಿ ಬನ್ನು.
ಅರ್ಧ ತಿಂದಳು. ಉಳಿದರ್ಧವನ್ನೇ ನೋಡುತ್ತಾ ಕೂತಳು,
ಯಾರೋ ಬಿಟ್ಟುಹೋದ ಕೈಗವಸನ್ನು ನೋಡುವ ಹಾಗೆ.
ತಟ್ಟೆ ನನ್ನತ್ತ ತಳ್ಳಿ "ಸಾಕು" ಅಂದಳು.
ಎಪ್ಪತ್ತು ವರ್ಷದಲ್ಲಿ ಆ ಬಾಯಿಂದ ಆ ಮಾತು ಕೇಳಿದವನಲ್ಲ ನಾನು.
"ಬೇಜಾರಾ?" ಅಂದೆ.
"ಗೊತ್ತಿಲ್ಲ," ಅಂದಳು,
"ಒಲೆ ಆರಿಸಿದೀನಾ, ನೋಡು ಸ್ವಲ್ಪ."