ಬಣ್ಣ ನಿಲ್ಲೂದು

ಸೊಲ್ಲಾಪುರದಾಗ ನಮ್ಮ ಗಿರಣಿ ನಿಂತ ವರ್ಷ
ರಂಗಖಾತೆಯಿಂದ ನಾ ಹೊರಬಿದ್ದೆ,
ಮೊಣಕೈತನಕ ನೀಲಿ ಇತ್ತು ಆವಾಗ.
ಕಾಲೇಜಿನ ಮೇಡಂ ಕೈ ನೋಡಿ ಕೇಳಿದ್ರು:
"ಈ ಬಣ್ಣ ಹೋಗೂದಿಲ್ಲೇನು?"
"ಹೋಗ್ತದ್ರಿ, ಚರ್ಮ ಹೋದ್ಮ್ಯಾಲ."
ನಕ್ಕರು. ನೌಕರಿ ಸಿಕ್ಕಿತು.

ಮೈಕ್ರೋಬಯಾಲಜಿ ಅನ್ನಾಕ
ಆರು ತಿಂಗಳು ನಾಲಿಗಿ ಹೊಳ್ಳಲಿಲ್ಲ.
ಮನ್ಯಾಗ ಹೇಳ್ತಿದ್ದೆ: ಕಣ್ಣಿಗೆ ಕಾಣದ ಹುಳದ ಸಾಲಿ.
"ಕಾಣಂಗಿಲ್ಲಂದ್ರ ಪಗಾರ ಯಾಕ ಕೊಡ್ತಾರ?"
ಅಂತ ಗುರುಬಾಯಿ.

ಮೊದಲನೇ ವರ್ಷದ ಹುಡುಗರು ಬರ್ತಾರ,
ಏಪ್ರನ್ ಹೊಸಾವು, ಅಂಗಡಿ ಮಡಿಕಿ ಇನ್ನೂ ಬಿಚ್ಚಿಲ್ಲ.
ಕೈ ತೊಳಕೊಳ್ಳೂದು ಮೊದಲ ಕಲೀತಾರ.
ಆಮ್ಯಾಲ ಬರ್ನರ್ ಮುಂದ ಕೂತು
ತಂತಿ ಕೆಂಪಗ ಕಾಸಿ, ತಣ್ಣಗಾಗೋತನಕ ಕಾಯೂದು.
ಕಾಯೂದ ಬರಂಗಿಲ್ಲ ಯಾರಿಗೂ.
ಕಾದ ತಂತಿ ಹಂಗ ಅದ್ದತಾರ, ಚುಂಯ್!
ಹುಳ ಸತ್ತು, ಪ್ಲೇಟು ಬರಿದು,
ಮರುದಿನ ನನ್ನ ಮ್ಯಾಲ ಸಿಟ್ಟು:
"ಮಾಮಾ, ರಾತ್ರಿ ಇನ್‌ಕ್ಯುಬೇಟರ್ ಬಂದ್ ಮಾಡಿದ್ದೇನು?"
ಅಗಾರ್ ಸುರಿಯುವಾಗ ಬಿಸಿ ಎಷ್ಟಿರಬೇಕಂತ
ಪುಸ್ತಕದಾಗ ನಂಬರ್ ಅದ.
ನಾ ಫ್ಲಾಸ್ಕು ಗಲ್ಲಕ್ಕ ಹಚ್ಚಿ ನೋಡ್ತೀನಿ.

ಗ್ರಾಮ್ ಬಣ್ಣದ ದಿನ ಮಾತ್ರ
ಝಾಡು ಬಿಟ್ಟು ಬಾಗಿಲ ಹಂತ್ಯಾಕ ನಿಲ್ತೀನಿ.
ಮೊದಲ ನೇರಳೆ. ಒಂದು ನಿಮಿಷ. ತೊಳಿ.
ಆಮ್ಯಾಲ ಅಯೋಡಿನ್.
"ಇದು ಮಾರ್ಡಂಟ್" ಅಂತಾರ ಸರ್,
ಹುಡುಗರು ಬರಕೋತಾರ, ಅರ್ಥ ಕೇಳಂಗಿಲ್ಲ.
ನನಗ ಗೊತ್ತದ.
ಗಿರಣ್ಯಾಗ ಆ ಕೆಲಸ ಫಟಕಡಿ ಮಾಡ್ತಿತ್ತು:
ಬಣ್ಣದ ಕೈ ಹಿಡಿದು ನೂಲಿನೊಳಗ ಕುಂಡ್ರಿಸೂದು.
ಇನ್ನ ಆಲ್ಕೋಹಾಲ್.
ಗ್ವಾಡಿ ದಪ್ಪಿದ್ದವ ನೇರಳೆ ಬಿಡಂಗಿಲ್ಲ,
ತೆಳ್ಳಗಿದ್ದವ ಎಲ್ಲಾ ಬಿಟ್ಟು ಬತ್ತಲೆ ನಿಲ್ತಾನ,
ಸ್ಯಾಫ್ರನಿನ್ ಬಂದು ಗುಲಾಬಿ ಹೊದಿಸ್ತದ.
ಒಂದು ಹನಿ ಹೆಚ್ಚು ತೊಳೆದ್ರ
ಗಟ್ಟಿಗನೂ ಗುಲಾಬಿ ಆಗ್ತಾನ, ಉತ್ತರ ತಪ್ಪತದ.
ಹನ್ನೊಂದು ವರ್ಷ ಚಾದರ ತೊಳೆದವ ಹೇಳ್ತೀನಿ,
ಕಸಬು ಅದ್ದೂದ್ರಾಗ ಇಲ್ಲ, ತೊಳೆಯೂದ್ರಾಗ ಅದ.
ಸರ್ ಮುಂದ ಹೇಳಂಗಿಲ್ಲ.

ಈ ಸಲ ಮೂರನೇ ವರ್ಷದಾಗ ನಿಲೋಫರ್ ಬಾಗವಾನ.
ಮನ್ಯಾಗ ದಖನಿ, ಓಣ್ಯಾಗ ಕನ್ನಡ, ಬಸ್ಸಿನಾಗ ಮರಾಠಿ,
ಪರೀಕ್ಷೆಗೆ ಅಂತ ತೆಗೆದಿಟ್ಟ ಇಂಗ್ಲಿಷು.
ಪ್ರಾಜೆಕ್ಟಿಗೆ ತನ್ನ ಮನಿ ನೀರು ತಂದ್ಳು.
ಅವರ ಓಣ್ಯಾಗ ನಳ ಬರೂದು ನಾಕು ದಿನಕ್ಕೊಮ್ಮೆ,
ಅಮ್ಮೀ ತುಂಬಿಟ್ಟ ಹಂಡೇದಾಗಿಂದ ದಿನಾ ಒಂದು ಬಾಟಲಿ.
ಮೊದಲನೇ ದಿನದ ಟ್ಯೂಬು ನೇರಳೆನ ಉಳೀತು.
ಎರಡನೇದೂ.
ಮೂರನೇ ದಿನದ್ದರಾಗ ಎರಡು ಹಳದಿ.
ನಾಕನೇ ದಿನದ್ದು ಅಷ್ಟೂ ಹಳದಿ,
ಒಳಗಿನ ಸಣ್ಣ ನಳಿಗ್ಯಾಗ ಗುಳ್ಳಿ ನಿಂತಿತ್ತು
ಯಾರೋ ಉಸಿರು ಬಿಟ್ಟಂಗ.
"ಇದು ನಳದ್ದಲ್ಲ ಮಾಮಾ, ನಮ್ಮ ತಂಬಗೀದು.
ನಮ್ಮ ಕೈದು."
ರೆಕಾರ್ಡಿನಾಗ ಬರದ್ಳು: ಕುಡಿಯಾಕ ಯೋಗ್ಯ ಅಲ್ಲ.
ಬರದು, ಪೆನ್ನಿಗೆ ಟೊಪ್ಪಿಗಿ ಹಾಕಲಿಲ್ಲ ಬಹಳ ಹೊತ್ತು.

ಎರಡು ದಿನ ಬಿಟ್ಟು ಕೇಳಿದೆ: ಅಮ್ಮೀಗೆ ಹೇಳಿದ್ಯಾ?
"ಇಲ್ಲ. ಉದ್ದ ಹಿಡಿಕಿ ಸೌಟು ತಂದು ಹಂಡೇಕ ತೂಗಹಾಕಿದೆ.
ನಲವತ್ತು ರೂಪಾಯಿ.
ಸೌಟಿನ ಬಣ್ಣ ಚಂದ ಅದ ಅಂದ್ಳು."

ಸಂಜೀಕ ಎಲ್ಲಾರೂ ಹೋದ್ಮ್ಯಾಲ
ಅವರು ಬೆಳೆಸಿದ್ದೆಲ್ಲ ನನ್ನ ಪಾಲು.
ಗಾಜಿನ ಪ್ಲೇಟಿನ ಬೆನ್ನಿಗೆ ಮಾರ್ಕರ್ ಹೆಸರು:
ಯೆಮುಲ, ಕೋಳಿ, ಹಿರೇಮಠ, ಬಾಗವಾನ.
ಸ್ಪಿರಿಟ್ ಹಚ್ಚಿ ಒರೆಸ್ತೀನಿ.
ಕೆಲವು ಹೋಗ್ತಾವ, ಕೆಲವು ನಿಲ್ತಾವ.
ಆಟೋಕ್ಲೇವಿನ ಮುಚ್ಚಳ ಬಿಗಿದು ಸ್ಟೂಲ್ ಎಳಕೊಂಡು ಕೂಡ್ತೀನಿ,
ಚಪ್ಪಲಿ ಬಿಟ್ಟು, ಕಾಲು ಫರಸಿ ಮ್ಯಾಲ.
ನೂರಾ ಇಪ್ಪತ್ತೊಂದು ಡಿಗ್ರಿ, ಹದಿನೈದು ಪೌಂಡು,
ಹದಿನೈದು ನಿಮಿಷ. ಒಳಗ ಯಾರೂ ಉಳಿಯಂಗಿಲ್ಲ.

ಕಡೀಕ ಉಗಿ ಬಿಡುವಾಗ ಅದು ಕೂಗ್ತದ, ಉದ್ದಕ.
ಗಿರಣಿ ಭೋಂಗಾದಷ್ಟು ದೊಡ್ಡದಲ್ಲ,
ಓಣಿ ದಾಟಂಗಿಲ್ಲ, ಪಕ್ಕದ ಖೋಲಿಗೂ ಕೇಳಸ್ತದೋ ಇಲ್ಲೋ.
ಆದ್ರೂ ಕೇಳಿದ ಕೂಡ್ಲೆ
ಕಾಲು ತಾವ ಚಪ್ಪಲಿ ಹುಡುಕ್ತಾವ.